ಸೌನಾದ ಮೆಟ್ಟಿಲ ಮೇಲಿನ ಡೇಲಿಯಾ

ಮಾರ್ಲಿಸ್ ಟೆರ್ವೊ ಸೈಮಾ ರೌಟಿಯೊಳನ್ನು ಮೊದಲು ಕಂಡದ್ದು ಮಾರ್ಚ್ ತಿಂಗಳ ಆರಂಭದ ಒಂದು ಭಾನುವಾರ ಮಧ್ಯಾಹ್ನ. ಶಾಲೆಯ ಬಸ್ಸು ಓಡಿಸುವ ಕೆಲಸ ಸಿಕ್ಕಿತೆಂದು ಮಾರ್ಲಿಸ್ ಎಸ್ಕನಾಬಾ ಪಟ್ಟಣದಿಂದ ತನ್ನ ಕಾರಿನಲ್ಲಿ ಎರಡು ಸೂಟ್‌ಕೇಸು ಹಿಡಿದುಕೊಂಡು ಸಾಲೊ ಗುಡ್ಡ ಎಂಬ ಊರಿಗೆ ಬಂದು ಒಂದು ವಾರವಷ್ಟೇ ಆಗಿತ್ತು. ಬಾಡಿಗೆಗೆ ಹಿಡಿದದ್ದು ತಾಮ್ರದ ಗಣಿ ನಡೆಯುತ್ತಿದ್ದ ಕಾಲದ ಹಳೆಯ ಮನೆ. ಅದರ ಸೂರಿನ ಮೇಲೆ ಹಿಮ ಆಳೆತ್ತರ ಕೂತಿತ್ತು. ರಾತ್ರಿ ಮಲಗಿದರೆ ತೊಲೆಗಳು ಲಟಲಟ ಅನ್ನುತ್ತಿದ್ದವು. ಹಿಮವನ್ನು ಕೆಳಗೆಳೆಯುವ ಉದ್ದ ಹಿಡಿಯ ಗೋರೆ ಅವಳ ಹತ್ತಿರ ಇರಲಿಲ್ಲ. ರಸ್ತೆಯಾಚೆಯ ಮನೆಯ ಗೋಡೆಗೆ ಅಂಥದೊಂದು ಒರಗಿಸಿದ್ದು ಕಾಣುತ್ತಿತ್ತು. ಕೇಳಿ ತರೋಣವೆಂದು ಹೋಗಿ ಬಾಗಿಲು ಬಡಿದಳು.

ಬಾಗಿಲು ತೆರೆದವಳು ಎತ್ತರದ ಬಡಕಲು ಮುದುಕಿ. ಮೈಮೇಲೆ ಯಾರದೋ ಗಂಡಸಿನ ಉಣ್ಣೆಯ ಅಂಗಿ, ತೋಳುಗಳನ್ನು ಮೊಣಕೈವರೆಗೆ ಮಡಚಿದ್ದಳು. ಬಲಗೈಯಲ್ಲಿ ಸಣ್ಣ ಚಾಕು. ಎಡಗೈಯ ಬೆರಳುಗಳಿಗೆಲ್ಲ ಗಂಧಕದ ಹಳದಿ ಪುಡಿ ಮೆತ್ತಿಕೊಂಡಿತ್ತು.

"ಬಾಗಿಲು ಹಾಕು," ಎಂದಳು ಮುದುಕಿ. "ಆಮೇಲೆ ಯಾರು ಅಂತ ಹೇಳು."

ಮಾರ್ಲಿಸ್ ಒಳಗೆ ಬಂದು ಬಾಗಿಲು ಹಾಕಿದಳು. ಅಡುಗೆಮನೆಯ ಮೇಜಿನ ತುಂಬ ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ಮಣ್ಣು ಬಣ್ಣದ ಗೆಡ್ಡೆಗಳ ಗೊಂಚಲುಗಳನ್ನು ಸಾಲಾಗಿ ಇಟ್ಟಿದ್ದರು. ಕೆಲವು ಬೆರಳಿನಷ್ಟು ಸಣ್ಣವು, ಕೆಲವು ಮುಷ್ಟಿಯಷ್ಟು ದಪ್ಪ. ಒಂದೊಂದು ಗೊಂಚಲೂ ಕಳೆದ ವರ್ಷದ ಒಣ ಕಾಂಡದ ಬುಡಕ್ಕೆ ಜೋತುಬಿದ್ದಿತ್ತು.

"ನಾನು ಎದುರು ಮನೆಗೆ ಬಂದಿರೋಳು. ಮಾರ್ಲಿಸ್. ಇದೇನಿದು, ಗೆಣಸಾ?"

ಮುದುಕಿ ಚಾಕು ಕೆಳಗಿಟ್ಟು ಒಳಕೋಣೆಯ ಕಡೆ ತಿರುಗಿದಳು. "ಆರ್ವೊ, ಕೇಳಿಸ್ತಾ? ಎದುರು ಮನೆಯವಳು ನನ್ನ ಡೇಲಿಯಾನ ಗೆಣಸು ಅಂತಾಳೆ!"

"ಹಸಿದಿರಬೇಕು ಪಾಪ," ಎಂದಿತು ಒಳಗಿನ ಗಂಡು ದನಿ. "ಕಾಫಿ ಕೊಡು."

ಕಾಫಿ ಬಂತು. ಜೊತೆಗೆ ಏಲಕ್ಕಿ ಹಾಕಿ ಜಡೆಯಂತೆ ಹೆಣೆದು ಸುಟ್ಟ ನಿಸು ರೊಟ್ಟಿಯೂ ಬಂತು. ಕಾಫಿ ತಂದವನು ಆರ್ವೊ, ಸೈಮಾಳ ತಮ್ಮ, ಎಪ್ಪತ್ತರ ಆಸುಪಾಸಿನ ಗುಂಡುಮುಖದ ಮನುಷ್ಯ. ಮಾರ್ಲಿಸ್ ಕಾಫಿ ಮುಗಿಸುವ ಮೊದಲೇ ಸೈಮಾ ಅವಳ ಕೈಗೆ ಒಂದು ಗೊಂಚಲು ಕೊಟ್ಟು ಅಲುಗದಂತೆ ಹಿಡಿದುಕೋ ಎಂದಳು. ಕಾಂಡದ ಬುಡವನ್ನೂ ಸೇರಿಸಿ ಒಂದೊಂದೇ ಗೆಡ್ಡೆಯನ್ನು ಬಿಡಿಸುತ್ತ, ಕತ್ತರಿಸಿದ ಗಾಯ ಕೊಳೆಯದಂತೆ ಗಂಧಕದ ಪುಡಿ ಹಚ್ಚುತ್ತ ಹೋದಳು.

"ಕುತ್ತಿಗೇಲಿ ಈ ಗುಳ್ಳೆ ಕಾಣ್ತಾ? ಅದೇ ಕಣ್ಣು. ಕಣ್ಣಿಲ್ದಿದ್ರೆ ಗೆಡ್ಡೆ ಎಷ್ಟು ದಪ್ಪ ಇದ್ರೂ ಚಿಗುರಲ್ಲ. ಬರೀ ಹೊಟ್ಟೆ. ನಮ್ಮ ಟೌನ್‌ಶಿಪ್ ಮೆಂಬರುಗಳ ಥರ."

ಪಕ್ಕದ ಕುರ್ಚಿಯ ಮೇಲೆ ಒಂದು ಬ್ರೆಡ್ ಸುಡುವ ತಗಡಿನ ಅಚ್ಚು ಬೇರೆಯಾಗಿ ಕೂತಿತ್ತು. ಅದರಲ್ಲಿ ಮೂರೇ ಮೂರು ಗೆಡ್ಡೆ. ಮಾರ್ಲಿಸ್ ಸುಮ್ಮನೆ ನೋಡಲೆಂದು ಕೈ ಚಾಚಿದಳು. ಚಾಕುವಿನ ಹಿಡಿ ಮೇಜಿಗೆ ಟಕ್ ಎಂದು ಬಡಿಯಿತು.

"ಅದನ್ನ ಮುಟ್ಟಬೇಡ."

ಮಾರ್ಲಿಸ್ ಕೈ ಹಿಂದಕ್ಕೆಳೆದುಕೊಂಡಳು. ಅವಳು ಬೇಸರ ಮಾಡಿಕೊಂಡದ್ದು ಸೈಮಾಗೆ ಗೊತ್ತಾಗಿರಬೇಕು. ಚಾಕು ಪಕ್ಕಕ್ಕಿಟ್ಟು ತಾನಾಗಿಯೇ ಮಾತಾಡಿದಳು.

"ಅದು ನಾನು ಬೀಜದಿಂದ ಎಬ್ಬಿಸಿದ್ದು. ಕೆಂಪು. ಕೆಂಪು ಅಂದ್ರೆ ಅಂಥಿಂಥ ಕೆಂಪಲ್ಲ, ನೀನು ನೋಡಿದ್ರೇ ಗೊತ್ತಾಗೋದು. ಬೇರೆ ಎಲ್ಲೂ ಇಲ್ಲ. ಈ ಚಳಿಗಾಲ ನೆಲಮಾಳಿಗೇಲಿ ಇಲಿ ಬಿದ್ದು ಉಳಿದದ್ದೆಲ್ಲ ತಿಂದು ಹಾಕ್ತು. ಇರೋದು ಈ ಮೂರೇ."

"ಹೆಸರೇನು ಅದಕ್ಕೆ?"

"ಹೆಸರು ಯಾಕೆ? ಇರೋದೇ ಒಂದು ಮನೇಲಿ."

ಹೊರಡುವಾಗ ಮಾರ್ಲಿಸ್ ಗೋರೆಯ ವಿಷಯವನ್ನೇ ಮರೆತಿದ್ದಳು. ಅವಳ ಸೂರಿನ ಹಿಮವನ್ನು ಕಿಟಕಿಯಿಂದ ಕಂಡಿದ್ದ ಆರ್ವೊನೇ ಅದನ್ನು ಹೆಗಲ ಮೇಲಿಟ್ಟುಕೊಂಡು ರಸ್ತೆ ದಾಟಿ ಬಂದ. ಬಂದವನು ಸೂರಿನ ಹಿಮವನ್ನೂ ಎಳೆದುಹಾಕಿ ಹೋದ.

ಸೈಮಾ ಹುಟ್ಟಿದ್ದು ಅದೇ ಮನೆಯಲ್ಲಿ. ತಂದೆ ಗಣಿಗೆ ಇಳಿಯುತ್ತಿದ್ದವನು. ಅವಳು ಶಾಲೆ ಮುಗಿಸಿದವಳೇ ಪೇಟೆಯ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ, ನಿವೃತ್ತಿಯವರೆಗೆ ಅಲ್ಲೇ ಹಾಸಿಗೆ ಬಟ್ಟೆ ಕುದಿಸಿದಳು. ಮದುವೆಯಾಗಲಿಲ್ಲ. ಮರ ಕಡಿಯುವ ಕೆಲಸಕ್ಕೆ ಹೋಗಿದ್ದ ಆರ್ವೊ ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದ. ಅಂದಿನಿಂದ ಇಬ್ಬರದೂ ಒಂದೇ ಒಲೆ, ದಿನಕ್ಕೊಂದು ಜಗಳ.

ಊರಿಗೆ ಸೈಮಾ ಎಂದರೆ ಡೇಲಿಯಾ. ಆಗಸ್ಟ್ ಕೊನೆಯಲ್ಲಿ ಅವಳ ಬೇಲಿಯ ಪಕ್ಕ ಕಾರು ನಿಲ್ಲಿಸದವರಿಲ್ಲ. ಅದೇ ಉಸಿರಿನಲ್ಲಿ ಅವಳ ಜಿಪುಣತನದ ಮಾತೂ ಬರುತ್ತಿತ್ತು. ಹೂವು ಎಷ್ಟು ಬೇಕಾದರೂ ಕಿತ್ತು ಕೊಡುತ್ತಾಳೆ, ಗೆಡ್ಡೆ ಮಾತ್ರ ಕೇಳಬಾರದು. ಹಿಂದೊಮ್ಮೆ ಚರ್ಚಿನ ಹೆಂಗಸೊಬ್ಬಳಿಗೆ ಬಿಳಿಯದೊಂದನ್ನು ಕೊಟ್ಟಿದ್ದಳಂತೆ. ಆಕೆ ಅದನ್ನೇ ಬೆಳೆದು ಕೌಂಟಿಯ ಪ್ರದರ್ಶನದಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಹೊಡೆದುಕೊಂಡಳು. ಮರುವರ್ಷ ಗೆಡ್ಡೆ ಅಗೆಯದೆ ಹಿಮಕ್ಕೆ ಬಿಟ್ಟು ಕೊಂದಳು. ರಿಬ್ಬನ್ ಹೋದದ್ದಕ್ಕಿಂತ ಗಿಡ ಸತ್ತದ್ದು ಸೈಮಾಳ ಮನಸ್ಸಿಗೆ ನಾಟಿತ್ತು. ಆಮೇಲೆ ಪೇಸ್ಟಿ ಎಂಬ ಮಾಂಸದ ಕಡುಬು ಮಾಡಿ ಮಾರುವ ಪೀನಾ ಗಾಸ್ಪರಿ ಯಾರದೋ ಶವಸಂಸ್ಕಾರದ ಊಟದಲ್ಲಿ ಎಲ್ಲರೆದುರು ಕೆಂಪು ಡೇಲಿಯಾದ ಒಂದು ಗೆಡ್ಡೆ ಕೇಳಿದಾಗ ಸೈಮಾ, "ಅಂಗಡೀಲಿ ಸಿಗುತ್ತೆ, ತಗೋ" ಎಂದುಬಿಟ್ಟಳು. ಪೀನಾ ಬಿಡುವ ಪೈಕಿಯಲ್ಲ. "ಹಾಗಿದ್ರೆ ನಿನ್ನ ಹೆಣದ ಪೆಟ್ಟಿಗೆ ಒಳಗೇ ಇಟ್ಟು ಕಳಿಸೋಕೆ ಹೇಳ್ತೀನಿ, ಮೇಲೂ ನೀನೊಬ್ಬಳೇ ನೋಡ್ಕೊಂಡಿರು" ಎಂದಳು. ಸತ್ತವರ ಮನೆಯವರೂ ನಕ್ಕರಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಸಾಲೊ ಗುಡ್ಡದಲ್ಲಿ ಡೇಲಿಯಾ ಬೆಳೆಯುವವರಿಗೆ ಕಾಲವೇ ಶತ್ರು. ಜೂನ್ ಅರ್ಧ ಕಳೆಯುವವರೆಗೆ ನೆಲ ಬೆಚ್ಚಗಾಗುವುದಿಲ್ಲ, ಸೆಪ್ಟೆಂಬರಿನಲ್ಲಿ ಮತ್ತೆ ಮಂಜು ಬಿದ್ದು ಎಲೆ ಕಪ್ಪಾಗುತ್ತದೆ. ಗೆಡ್ಡೆಯನ್ನು ನೇರ ಮಣ್ಣಿಗೆ ಹಾಕಿದರೆ ಮೊಗ್ಗು ಬರುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಹಾಗಾಗಿ ಹೊರಗೆ ಹಿಮ ಇರುವಾಗಲೇ ಒಳಗೆ ಅದನ್ನು ಎಬ್ಬಿಸಬೇಕು. ಎಬ್ಬಿಸಲು ನೀರಲ್ಲ, ಬೆಳಕಲ್ಲ, ಹದವಾದ ಶಾಖ ಬೇಕು. ಆ ಹದ ಸೈಮಾಗೆ ಸಿಕ್ಕಿದ್ದು ಸೌನಾದಲ್ಲಿ.

ಅವರ ಸೌನಾ ನೆಲಮಾಳಿಗೆಯಲ್ಲಿತ್ತು. ದೇವದಾರು ಹಲಗೆ ಹೊಡೆದ ಪುಟ್ಟ ಕೋಣೆ, ಕೂರಲು ಮೂರು ಮೆಟ್ಟಿಲು, ಮೂಲೆಯಲ್ಲಿ ಕಲ್ಲು ಪೇರಿಸಿದ ಒಲೆ. ಶನಿವಾರ ಒಲೆ ಉರಿಸಿ, ಕಾದ ಕಲ್ಲಿಗೆ ನೀರು ಎರಚಿ, ಆ ಹಬೆಯಲ್ಲಿ ಬೆವರಿ ಮೈ ತೊಳೆದುಕೊಳ್ಳುವುದು. ಮಿಕ್ಕ ದಿನ ಅದು ಖಾಲಿ. ಮನೆ ಬಿಸಿಮಾಡುವ ಕಟ್ಟಿಗೆಯ ದೊಡ್ಡ ಕುಲುಮೆ ಗೋಡೆಯಾಚೆಯೇ ಇದ್ದುದರಿಂದ ಸೌನಾ ಸದಾ ಉಗುರುಬೆಚ್ಚಗಿರುತ್ತಿತ್ತು. ಮಾರ್ಚ್ ಬಂತೆಂದರೆ ಸೈಮಾ ತಟ್ಟೆಗಳಲ್ಲಿ ತುಸುವೇ ತೇವದ ಪುಡಿಮಣ್ಣು ಹರವಿ, ಗೆಡ್ಡೆಯ ಕುತ್ತಿಗೆ ಮೇಲೆ ಕಾಣುವಂತೆ ಊರಿ, ಮೆಟ್ಟಿಲುಗಳ ಮೇಲೆ ಜೋಡಿಸಿಡುತ್ತಿದ್ದಳು. ಶನಿವಾರ ಬೆಳಿಗ್ಗೆ ಅವಳೂ ಆರ್ವೊನೂ ಎಲ್ಲ ತಟ್ಟೆ ಹೊರಗೆ ತಂದು ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಇಡುವರು. ಭಾನುವಾರ ಮತ್ತೆ ಒಳಗೆ. ಎಷ್ಟೋ ವರ್ಷದಿಂದ ಇದು ಹೀಗೇ ನಡೆದು ಬಂದಿತ್ತು.

ಆ ವರ್ಷ ಮಾರ್ಚ್ ಮಧ್ಯದ ಒಂದು ಬುಧವಾರ ಕೆಟ್ಟ ಚಳಿ ಬಿತ್ತು. ಮಾರ್ಲಿಸ್ ಮಕ್ಕಳನ್ನು ಶಾಲೆಗೆ ಬಿಟ್ಟು ಹಿಂದಿರುಗುವಾಗ ಬಸ್ಸು ಹಿಮದ ದಿಬ್ಬಕ್ಕೆ ಸಿಕ್ಕಿಕೊಂಡಿತು. ಸಲಿಕೆ ಹಿಡಿದು ಚಕ್ರದ ಸುತ್ತ ತೋಡಿ ತೋಡಿ, ಕೊನೆಗೆ ಹಿಮ ತಳ್ಳುವ ಲಾರಿ ಬಂದು ಎಳೆದ ಮೇಲೆ ಮನೆ ಮುಟ್ಟಿದಳು. ನಲ್ಲಿ ತಿರುಗಿಸಿದರೆ ನೀರಿಲ್ಲ. ಕೊಳವೆ ಹೆಪ್ಪುಗಟ್ಟಿತ್ತು. ಹಲ್ಲು ಕಟಕಟ ಎನ್ನುತ್ತ ಎದುರು ಮನೆಗೆ ಹೋದಳು.

ಸೈಮಾ ಮನೆಯಲ್ಲಿರಲಿಲ್ಲ. ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಚಿಂದಿ ಜಮಖಾನೆ ನೇಯುವ ದಿನ. ಬಾಗಿಲು ತೆರೆದ ಆರ್ವೊ ಅವಳ ಮುಖ ನೋಡಿದವನೇ ಗಾಬರಿಯಾದ.

"ಅಯ್ಯೋ, ನೀಲಿಗಟ್ಟಿದೀಯಲ್ಲೇ! ಕೂತ್ಕೋ. ಸೌನಾ ಹಾಕ್ತೀನಿ."

"ಬೇಡಿ ಆರ್ವೊ, ಬುಧವಾರ ಯಾಕೆ ಸುಮ್ನೆ. ಒಂದು ಬಕೆಟ್ ಬಿಸಿನೀರು ಕೊಟ್ರೆ ಸಾಕು."

"ಬಕೆಟ್ಟಾ? ಮನೆಗೆ ಚಳಿ ಹಿಡ್ಕೊಂಡು ಬಂದೋರಿಗೆ ಬಕೆಟ್ ಕೊಟ್ಟು ಕಳಿಸಿದೆ ಅಂತ ಗೊತ್ತಾದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ನನ್ನ ಬೆನ್ನಿಗೆ ಬಾರಿಸ್ತಾಳೆ."

ಅವನು ಕೆಳಗಿಳಿದು ಹೋದ. ಆ ಸೌನಾದ ಒಲೆಗೆ ಕಟ್ಟಿಗೆ ಹಾಕುವ ಬಾಯಿ ಹೊರಗಿನ ಬಟ್ಟೆ ಬದಲಿಸುವ ಕೋಣೆಯಲ್ಲಿತ್ತು. ಒಳಗಿನ ಬಾಗಿಲು ತೆರೆಯದೆಯೇ ಬೆಂಕಿ ಹಾಕಬಹುದಾಗಿತ್ತು. ಆರ್ವೊ ಬರ್ಚ್ ಕಟ್ಟಿಗೆ ತುಂಬಿ, ಹೊತ್ತಿಸಿ, ಮೇಲೆ ಬಂದ. ಚಳಿಯಲ್ಲಿ ನೆಂಟರು ಬಂದರೆ ಸೌನಾ ಇರುವ ಮನೆಗಳಲ್ಲಿ ಕೈ ತಾನಾಗಿ ಬೆಂಕಿಪೊಟ್ಟಣಕ್ಕೆ ಹೋಗುತ್ತದೆ. ಯೋಚನೆಗೆ ಅಲ್ಲಿ ಕೆಲಸವಿಲ್ಲ. ಶನಿವಾರವಾಗಿದ್ದರೆ ತಟ್ಟೆ ತೆಗೆಯಬೇಕೆಂಬುದು ಮೈಗೆ ಗೊತ್ತಿತ್ತು. ಬುಧವಾರದ ಬೆಂಕಿ ಅವನ ಮೈಗೆ ಹೊಸದು.

ಇಬ್ಬರೂ ಕಾಫಿ ಕುಡಿದರು. ಆರ್ವೊ ನಡುವೆ ಎರಡು ಸಲ ಹೋಗಿ ಕಟ್ಟಿಗೆ ಹಾಕಿ ಬಂದ. ಕಾಡಿನಲ್ಲಿದ್ದಾಗ ಕರಡಿಯೊಂದು ತನ್ನ ಊಟದ ಡಬ್ಬಿ ಕದ್ದ ಕಥೆ ಹೇಳಿದ. ಆಮೇಲೆ, "ಹೋಗು, ಕಾದಿದೆ," ಎಂದ.

ಮಾರ್ಲಿಸ್ ಕೆಳಗಿಳಿದು ಬಟ್ಟೆ ಬಿಚ್ಚಿ, ಟವೆಲು ಸುತ್ತಿಕೊಂಡು ಸೌನಾದ ಬಾಗಿಲು ತೆರೆದಳು. ಮುಖಕ್ಕೆ ಬಿಸಿ ಹೊಡೆಯಿತು. ಹಿಂದೆಯೇ ಒಂದು ವಾಸನೆ. ಅವಳು ಎಣಿಸಿದ್ದ ದೇವದಾರಿನ ವಾಸನೆಯಲ್ಲ, ಮಣ್ಣಿನ ಸಮೇತ ಬೆಂದ ತರಕಾರಿಯ ಸಿಹಿ ವಾಸನೆ. ಮಬ್ಬಿನಲ್ಲಿ ಮೆಟ್ಟಿಲುಗಳ ಮೇಲೆ ಸಾಲಾಗಿ ತಟ್ಟೆಗಳು ಕಂಡವು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಬ್ರೆಡ್ಡಿನ ಅಚ್ಚು.

ಅವಳು ಕೂಗಿದ ಕೂಗಿಗೆ ಆರ್ವೊ ಬೂಟು ಹಾಕಿಕೊಂಡೇ ಓಡಿಬಂದ. ಬರಿಗೈಯಲ್ಲಿ ಅಚ್ಚು ಎತ್ತಿ, ಸುಟ್ಟು, ಕೆಳಗಿಟ್ಟ. ಒಂದು ಗೆಡ್ಡೆಯನ್ನು ಹೆಬ್ಬೆರಳಿನಲ್ಲಿ ಒತ್ತಿದ. ಸಿಪ್ಪೆ ಜಾರಿ ಬಂತು. ಅವನು ಆ ಬಿಸಿಯಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಏಳಲಿಲ್ಲ. ಮಾರ್ಲಿಸಳೇ ಕೋಟು ಹೊದ್ದುಕೊಂಡು ತಟ್ಟೆಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದಳು. ಯಾವುದಕ್ಕೂ ಜೀವ ಇರಲಿಲ್ಲ.

ಸೈಮಾ ಬಂದಾಗ ಇಬ್ಬರೂ ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ನಿಂತಿದ್ದರು. ಅವಳು ಮೆಟ್ಟಿಲಿಳಿಯುತ್ತಲೇ ವಾಸನೆ ಹಿಡಿದಿರಬೇಕು, ಅರ್ಧದಲ್ಲಿ ಒಮ್ಮೆ ನಿಂತಳು. ಕೆಳಗೆ ಬಂದು ಕೈಗವಸು ಬಿಚ್ಚಿದಳು. ಬೇರೆ ತಟ್ಟೆಗಳ ಕಡೆ ನೋಡಲೂ ಇಲ್ಲ. ಬ್ರೆಡ್ಡಿನ ಅಚ್ಚಿನ ಮುಂದೆ ಬಗ್ಗಿ ಮೂರನ್ನೂ ಒತ್ತಿ ನೋಡಿದಳು. ಒಂದೊಂದನ್ನೂ ಒತ್ತಿದ ಮೇಲೆ ಬೆರಳನ್ನು ಅಂಗಿಗೆ ಒರೆಸಿಕೊಂಡಳು.

"ನನ್ನಿಂದ ಆಯ್ತು," ಎಂದಳು ಮಾರ್ಲಿಸ್. "ನಾನು ಬರದೇ ಇದ್ದಿದ್ರೆ..."

ಸೈಮಾ ಎದ್ದು ನಿಂತಳು. "ಸೌನಾ ಕಾದಿದೆ ಅಲ್ವಾ? ಹೋಗಿ ಸ್ನಾನ ಮಾಡು. ಕಾದಿರೋ ಕಲ್ಲು ಸುಮ್ನೆ ಹಾಳು ಮಾಡಬೇಡ."

ಮಾರ್ಲಿಸ್ ಹೋಗಿ ಸ್ನಾನ ಮಾಡಿದಳು. ಬೇಡ ಎನ್ನುವ ಧೈರ್ಯ ಅವಳಿಗಿರಲಿಲ್ಲ. ಕಲ್ಲಿಗೆ ನೀರು ಎರಚಿದಾಗೆಲ್ಲ ಆ ಸಿಹಿ ವಾಸನೆ ಮತ್ತೆ ಏಳುತ್ತಿತ್ತು. ಬೆವರು ಯಾವುದು ಕಣ್ಣೀರು ಯಾವುದು ಎಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಸೈಮಾ ತಮ್ಮನೊಂದಿಗೆ ಮಾತು ಬಿಟ್ಟಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಊಟಕ್ಕಿಟ್ಟಳು, ಕಾಫಿ ಕೊಟ್ಟಳು, ಕಾಲುಚೀಲ ಹೊಲಿದುಕೊಟ್ಟಳು. ಹೇಳುವುದಿದ್ದರೆ ಮಾರ್ಲಿಸಳ ಮೂಲಕ. "ಅವನಿಗೆ ಹೇಳು, ಸಾರಿಗೆ ಉಪ್ಪು ಹಾಕಿದೀನಿ." ಅವನು ಎದುರಿಗೇ ಕೂತಿರುತ್ತಿದ್ದ. ಆದರೆ ಮಾರ್ಲಿಸಳನ್ನು ಹೆದರಿಸಿದ್ದು ಅದಲ್ಲ. ವಿಷಯ ತಿಳಿದ ಊರಿನವರು ತಮ್ಮಲ್ಲಿದ್ದ ಗೆಡ್ಡೆಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಹಳದಿ, ಗುಲಾಬಿ, ಚೆಂಡಿನಂಥದು, ನಕ್ಷತ್ರದಂಥದು. ಸೈಮಾ ಎಲ್ಲರಿಗೂ ಉಪಕಾರವಾಯಿತೆಂದಳು, ಯಾವುದನ್ನೂ ಬಿಚ್ಚಲಿಲ್ಲ. ಚಾಕುವನ್ನು ಒರೆಸಿ ಕಪಾಟಿನಲ್ಲಿಟ್ಟಳು. ಇಡೀ ದಿನ ರಸ್ತೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಆಸ್ಪತ್ರೆಯ ಹಬೆಯಲ್ಲಿ ಅಷ್ಟು ವರ್ಷ ಬೆಂದವಳು ತನ್ನದು ಎಂದು ಜಗತ್ತಿಗೆ ತಂದದ್ದು ಅದೊಂದೇ ಹೂವು. ಈಗ ಅದು ಇಲ್ಲ.

ಎರಡನೇ ವಾರ ಒಂದು ಬೆಳಿಗ್ಗೆ ಮಾರ್ಲಿಸ್ ಬಸ್ಸಿನ ಗಾಜಿನ ಮಂಜು ಕೆರೆಯುತ್ತಿರುವಾಗ ಆರ್ವೊ ಬಂದು ಪಕ್ಕದಲ್ಲಿ ನಿಂತ. ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ.

"ಏನು ಆರ್ವೊ?"

"ಏನಿಲ್ಲ. ಒಂದು ವಿಷಯ. ಆ ಕೆಂಪು... ಅದು ಇನ್ನೊಂದು ಕಡೆ ಇದೆ."

ಮಾರ್ಲಿಸ್ ಕೆರೆಯುವುದನ್ನು ನಿಲ್ಲಿಸಿದಳು.

"ಪೀನಾ ಮನೇಲಿ. ನಾನೇ ಕೊಟ್ಟೆ. ಆರು ವರ್ಷ ಆಯ್ತು. ಆ ಊಟದ ದಿನ ಸೈಮಾ ಹಾಗಂದ್ಲಲ್ಲ, ನನಗೆ ತಲೆ ಎತ್ತೋಕೆ ಆಗ್ಲಿಲ್ಲ. ಗುರುವಾರ ಗುರುವಾರ ಪೇಸ್ಟಿ ತರೋಕೆ ಹೋಗೋನು ನಾನು. ಪೀನಾ ನನಗೆ ಯಾವಾಗ್ಲೂ ತುದಿ ಗರಿಗರಿಯಾಗಿರೋದನ್ನೇ ತೆಗೆದಿಟ್ಟಿರ್ತಾಳೆ." ಇಷ್ಟು ಹೇಳುವಾಗ ಅವನ ಕಿವಿ ಕೆಂಪಾಯಿತು. "ಅಕ್ಟೋಬರಲ್ಲಿ ಅಗೆಯುವಾಗ ಒಂದು ಜೇಬಿಗೆ ಹಾಕ್ಕೊಂಡೆ."

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಮುಚ್ಕೊಂಡಿದ್ರಿ?"

"ಹೇಳಿದ್ರೆ ನನ್ನ ಕೊಲ್ತಾಳೆ."

"ಈಗೇನು ಜೀವಂತ ಬಿಟ್ಟಿದಾರಾ?"

ಆರ್ವೊ ಟೋಪಿ ಹಾಕಿಕೊಂಡ. "ಅದೂ ನಿಜವೇ. ಆದ್ರೆ ನೀನೂ ಬಾ ಮಾರಾಯ್ತಿ. ಸಾಕ್ಷಿಗೆ."

ಮಧ್ಯಾಹ್ನ ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತರು. ಆರ್ವೊ ಹೇಳಿದ. ಹೇಳುವಾಗ ಕಾಫಿಯ ಬಟ್ಟಲಿನ ಒಳಗೇ ನೋಡುತ್ತಿದ್ದ. ಸೈಮಾ ಅಲುಗಲಿಲ್ಲ.

"ಅವನಿಗೆ ಕೇಳು," ಎಂದಳು ಕೊನೆಗೆ, ಮಾರ್ಲಿಸಳ ಕಡೆ ತಿರುಗಿ, "ಎಷ್ಟು ಗೆಡ್ಡೆ?"

"ಒಂದು," ಎಂದ ಆರ್ವೊ.

"ಕಣ್ಣಿತ್ತಾ?"

"ಕಣ್ಣಿಲ್ದೇ ಇರೋದನ್ನ ಯಾಕೆ ಕದೀಲಿ? ನೀನೇ ಕಲಿಸಿದ್ದಲ್ವಾ."

ಸೈಮಾಳ ತುಟಿ ಒಂದು ಮೂಲೆಯಲ್ಲಿ ಅಲುಗಿತು. ಈಗ ಅವಳು ತಮ್ಮನನ್ನೇ ನೋಡಿ ಮಾತಾಡಿದಳು. "ಆರು ವರ್ಷ ನನ್ನ ಅನ್ನ ತಿಂದ್ಕೊಂಡು, ಕಳ್ಳ."

"ಹೌದು."

"ಅವಳ ಮನೇಲಿ ಅದು ಬದುಕಿದೆಯೇನೋ?"

"ಹೋದ ಬೇಸಿಗೇಲಿ ಹೂ ಬಿಟ್ಟಿತ್ತು. ಕೊಟ್ಟಿಗೆ ಹಿಂದೆ. ರಸ್ತೆಗೆ ಕಾಣಲ್ಲ."

ಸೈಮಾ ಎದ್ದು ಕಿಟಕಿಗೆ ಹೋದಳು, ಮತ್ತೆ ಬಂದಳು. ಪೀನಾಳ ಬಾಗಿಲಿಗೆ ಹೋಗಿ ಕೇಳಬೇಕು. ಎಲ್ಲರೆದುರು ಇಲ್ಲ ಎಂದವಳ ಹತ್ತಿರವೇ ಕೈ ಚಾಚಬೇಕು. ಅವಳು ಗೂಟಕ್ಕೆ ಹಾಕಿದ್ದ ಕೋಟು ತೆಗೆದುಕೊಂಡಳು. ಗುಂಡಿ ಹಾಕಿಕೊಳ್ಳುವಾಗ ಒಂದು ಗುಂಡಿ ತಪ್ಪಿತು. ಮಾರ್ಲಿಸ್ ಅದನ್ನು ಸರಿಮಾಡಲು ಹೋಗಲಿಲ್ಲ.

ಪೀನಾ ಗಾಸ್ಪರಿಯದು ಮನೆಯ ಮುಂಭಾಗದಲ್ಲೇ ಅಡುಗೆಮನೆ, ಅಲ್ಲೇ ಅಂಗಡಿ. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಕಡುಬಿನಂತೆ ಅಂಚು ಮಡಚಿದ ಪೇಸ್ಟಿಗಳನ್ನು ಅವಳು ಆಗಷ್ಟೇ ಒಲೆಯಿಂದ ಹೊರಗೆಳೆಯುತ್ತಿದ್ದಳು. ಕುಳ್ಳಿ, ಕೆಂಪು ಕೆನ್ನೆಯವಳು. ಬಾಗಿಲಲ್ಲಿ ಸೈಮಾಳನ್ನು ಕಂಡು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಹಿಂದೆ ನಿಂತಿದ್ದ ಆರ್ವೊನ ಮುಖ ನೋಡಿದಳು. ಅರ್ಥವಾಯಿತು.

"ಹೇಳಿಬಿಟ್ಯಾ, ಮುದುಕ?"

"ಹೇಳಿದೆ."

ಪೀನಾ ಕೈ ಒರೆಸಿಕೊಂಡು ಸೈಮಾಳ ಎದುರು ಬಂದು ನಿಂತಳು. "ಆರು ವರ್ಷ ಅದನ್ನ ಕೊಟ್ಟಿಗೆ ಹಿಂದೆ ಬಚ್ಚಿಟ್ಟು ಬೆಳೆಸಿದೀನಿ. ನೀನು ಈ ಕಡೆ ಬಂದೆ ಅಂದ್ರೆ ಎದೆ ಧಸಕ್ ಅನ್ನೋದು. ಒಂದು ಹೂ ಕಿತ್ತು ಮೇಜಿನ ಮೇಲಿಡೋಕೂ ಹೆದರಿಕೆ. ಅಂಥಾ ಹೂವು, ನಾನೊಬ್ಬಳೇ ನಿಂತು ನೋಡೋದು. ನಿನ್ನ ಥರಾನೇ ಆಗೋದೆ."

ಸೈಮಾ ಒಂದು ಹೆಜ್ಜೆ ಮುಂದೆ ಬಂದಳು.

"ನನ್ನ ಹತ್ರ ಒಂದೂ ಉಳೀಲಿಲ್ಲ, ಪೀನಾ. ಒಂದು ಚೂರು ಕೊಡ್ತೀಯಾ?"

ಪೀನಾಳ ಬಾಯಲ್ಲಿ ಒಂದು ಉತ್ತರ ಆರು ವರ್ಷದಿಂದ ಸಿದ್ಧವಾಗಿದ್ದಿರಬೇಕು. ಅದನ್ನು ಅವಳು ಆಡಲಿಲ್ಲ. ತಿರುಗಿ ನೆಲಮಾಳಿಗೆಗೆ ಹೋದಳು.

ಆಲೂಗಡ್ಡೆ ಚೀಲಗಳ ಅಡಿಯಿಂದ ಅವಳು ತಂದದ್ದನ್ನು ನೋಡಿ ಸೈಮಾಳ ಮುಖ ಇಳಿಯಿತು. ಒಮ್ಮೆಯೂ ಬಿಡಿಸದೆ ಬೆಳೆದ ದೊಡ್ಡ ಗೊಂಚಲು. ಒಣಗಿ ಸುಕ್ಕುಗಟ್ಟಿತ್ತು. ಹೊರಗಿನ ಗೆಡ್ಡೆಗಳು ಹಿಚುಕಿದರೆ ಒಳಗೆ ಹೋಗುತ್ತಿದ್ದವು, ಒಂದು ಕೊಳೆತಿತ್ತು. ಸೈಮಾ ಕಿಟಕಿಯ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದಳು. ನಡುವಿನ ಕುತ್ತಿಗೆ ಗಟ್ಟಿಯಿತ್ತು, ಆದರೆ ಗುಳ್ಳೆ ಎಲ್ಲೂ ಕಾಣಲಿಲ್ಲ.

"ಇದೆಯಾ ಜೀವ?" ಎಂದು ಕೇಳಿದಳು ಮಾರ್ಲಿಸ್.

"ಗೊತ್ತಿಲ್ಲ. ಬೆಚ್ಚಗಿಟ್ಟು ನೋಡ್ಬೇಕು. ಮನೆಗೆ ತಗೊಂಡು ಹೋಗ್ತೀನಿ."

"ನಿಮ್ಮನೆಗಾ?" ಎಂದಳು ಪೀನಾ. "ನಿಮ್ಮನೆ ಬೆಚ್ಚಗೆ ಹೆಂಗಿರುತ್ತೆ ಅಂತ ಊರಿಗೆಲ್ಲ ಗೊತ್ತಾಗಿದೆ. ಇಲ್ಲೇ ಇರ್ಲಿ, ನನ್ನ ಒಲೆ ಮೇಲಿನ ಹಲಗೆ ಮೇಲೆ. ನೀನು ಬಂದು ನೋಡ್ಕೊಂಡು ಹೋಗು."

ಆರ್ವೊ ಕಂಗೆಟ್ಟು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಸೈಮಾ ಮಾತ್ರ ಗೊಂಚಲನ್ನು ಎದೆಗೆ ಹಿಡಿದುಕೊಂಡು ಆ ಹಲಗೆಯ ಹತ್ತಿರ ಹೋಗಿ, ಮರದ ಮೇಲೆ ಅಂಗೈ ಊರಿ ಶಾಖ ನೋಡಿದಳು.

"ಹದ ಸರಿಯಿದೆ," ಎಂದಳು. "ಆದ್ರೆ ಒಂದು ಮಾತು. ಚಿಗುರು ಕಾಣೋ ತನಕ ಒಂದು ಹನಿ ನೀರು ಹಾಕಿದ್ರೂ ಕೈ ಮುರೀತೀನಿ."

"ಹಾಕ್ದೆ ಸಾಯ್ಸಿದ್ರೆ?"

"ಹಾಕಿದ್ರೇ ಸಾಯೋದು. ಕೊಳೆಯುತ್ತೆ."

ಹೀಗೆ ಸೈಮಾ ದಿನವೂ ಪೀನಾಳ ಅಡುಗೆಮನೆಗೆ ಬರತೊಡಗಿದಳು. ಬೆಳಗಿನ ಬಸ್ಸಿನ ಪಾಳಿ ಮುಗಿಸಿ ಮಾರ್ಲಿಸ್ ತನ್ನ ಕಾರಿನಲ್ಲಿ ಬಿಡುತ್ತಿದ್ದಳು. ಮೊದಲ ದಿನಗಳಲ್ಲಿ ಸೈಮಾ ಕೋಟು ಬಿಚ್ಚದೆ ನಿಂತು ತಟ್ಟೆ ನೋಡಿ ವಾಪಸಾಗುತ್ತಿದ್ದಳು. ಆಮೇಲೆ ಕೋಟು ಬಿಚ್ಚಿದಳು. ಸುಮ್ಮನೆ ಕೂರಲು ಬರುವವಳಲ್ಲವಾದ್ದರಿಂದ ಆಲೂಗಡ್ಡೆ ಹೆಚ್ಚಿದಳು, ಈರುಳ್ಳಿ ಸುಲಿದಳು, ಕೊನೆಗೆ ಪೇಸ್ಟಿಯ ಅಂಚು ಮಡಚಲು ಕೂತಳು. "ಇದೇನು, ದಿಂಬಿನ ಗವಸು ಹೊಲೀತಿದೀಯಾ?" ಎಂದು ಪೀನಾ ಅವಳದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. "ತಿನ್ನೋನು ಅಂಚು ನೋಡ್ತಾನಾ?" ಎಂದು ಸೈಮಾ. ಜಗಳ ಜೋರಾಗಿಯೇ ನಡೆಯುತ್ತಿತ್ತು. ಅದರ ನಡುವೆ ಯಾರಾದರೂ ಒಬ್ಬರು ಎದ್ದು ಹೋಗಿ ಹಲಗೆಯ ಮೇಲೆ ಇಣುಕಿ ಬರುತ್ತಿದ್ದರು.

ಏಪ್ರಿಲ್ ಬಂತು. ರಸ್ತೆಯ ಬದಿಯ ಹಿಮ ಕಪ್ಪಾಗಿ ಕುಗ್ಗಿತು. ತಟ್ಟೆಯಲ್ಲಿ ಏನೂ ಇಲ್ಲ. ಊರಿನವರು ಕೊಟ್ಟಿದ್ದ ಹಳದಿ, ಗುಲಾಬಿ ಗೆಡ್ಡೆಗಳನ್ನೂ ಆರ್ವೊ ತಂದುಕೊಟ್ಟಿದ್ದ, ಪೀನಾ ಅವನ್ನು ಪಕ್ಕದಲ್ಲೇ ಇಟ್ಟಿದ್ದಳು. ಅವೆಲ್ಲ ಚಿಗುರಿ ಕಿಟಕಿಗೆ ಹೋದವು. ಕೆಂಪು ಮಾತ್ರ ಒಣಕಲು ಬೇರಿನ ಮುದ್ದೆಯಂತೆ ಕೂತಿತ್ತು. ಒಂದು ಸಂಜೆ ಕಾರಿನಲ್ಲಿ ಬರುವಾಗ ಸೈಮಾ ಮಾರ್ಲಿಸಳಿಗೆ, "ಈ ವಾರ ನೋಡ್ತೀನಿ. ಆಮೇಲೆ ತೆಗೆದು ಬಿಸಾಕು ಅಂತ ಪೀನಾಗೆ ಹೇಳ್ತೀನಿ. ಪಾಪ, ಅವಳ ಹಲಗೆ ಸುಮ್ನೆ ಹಿಡ್ಕೊಂಡಿದೆ," ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಮಾರ್ಲಿಸಳಿಗೆ ಅದೇ ಸಂಕಟವಾಯಿತು.

ಅದಾದ ನಾಲ್ಕೈದು ದಿನಕ್ಕೆ, ಒಂದು ಬೆಳಿಗ್ಗೆ ಅವರು ಒಳಗೆ ಬಂದಾಗ ಪೀನಾ ಎಂದಿನಂತೆ ಬೈಯಲಿಲ್ಲ. ಬೆನ್ನು ಹಾಕಿ ನಿಂತು ಹಿಟ್ಟನ್ನು ಬೇಕಾದ್ದಕ್ಕಿಂತ ಜೋರಾಗಿ ನಾದುತ್ತಿದ್ದಳು. "ತಟ್ಟೆ ನೋಡಲ್ವಾ?" ಎಂದಳು ತಿರುಗದೆ. ಸೈಮಾ ಹೋಗಿ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಆಮೇಲೆ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು.

"ಬಂದಿದೆ," ಎಂದಳು.

ಮಾರ್ಲಿಸ್ ಹೋಗಿ ನೋಡಿದಳು. ಕುತ್ತಿಗೆಯ ಸುಕ್ಕಿನ ನಡುವೆ ಅಕ್ಕಿಕಾಳಿನಷ್ಟು ನೇರಳೆ ಮೊಳಕೆ. ಅದರ ಪಕ್ಕದಲ್ಲಿ ಇನ್ನೊಂದು, ಇನ್ನೂ ಸಣ್ಣದು.

"ಬೆಳಗ್ಗೇನೇ ನೋಡಿದೆ ನಾನು," ಎಂದಳು ಪೀನಾ. "ನೀನೇ ನೋಡ್ಲಿ ಅಂತ ಸುಮ್ನಿದ್ದೆ."

ಸೈಮಾ ಹಿಟ್ಟು ಮೆತ್ತಿದ ಅವಳ ಕೈಯನ್ನು ಹಿಡಿದುಕೊಂಡಳು. ಒಲೆಯಲ್ಲಿದ್ದ ಪೇ‌ಸ್ಟಿ ಸೀಯುತ್ತಿದೆ ಎಂದು ಮಾರ್ಲಿಸಳೇ ಎಚ್ಚರಿಸಬೇಕಾಯಿತು.

ಚಿಗುರು ಮೂರು ಬೆರಳು ಎತ್ತರ ಬಂದ ಮೇಲೆ ಸೈಮಾ ಮನೆಯಿಂದ ಚಾಕು ತಂದಳು. ಬುಡದ ಚೂರು ಸಮೇತ ಕೊಯ್ದು ಒದ್ದೆ ಮರಳಿನಲ್ಲಿ ನೆಟ್ಟಳು. ಕೊಯ್ದಲ್ಲಿ ಮತ್ತೆ ಚಿಗುರು ಬಂತು, ಅದನ್ನೂ ಕೊಯ್ದು ನೆಟ್ಟಳು. ಜೂನ್ ಬರುವಷ್ಟರಲ್ಲಿ ಪೀನಾಳ ಕಿಟಕಿಗಳಲ್ಲಿ ಜಾಗ ಸಾಲದೆ ಕುಂಡಗಳು ಮಾರ್ಲಿಸಳ ಮನೆಯ ಕಿಟಕಿಗೂ ಬಂದವು. ನೆಲ ಬೆಚ್ಚಗಾದ ದಿನ ಸೈಮಾ ಮೊದಲ ಎರಡು ಸಸಿಗಳನ್ನು ಮಾರ್ಲಿಸಳ ಕೈಗೆ ಕೊಟ್ಟಳು.

"ಒಂದು ನೀನು ನೆಡು. ಇನ್ನೊಂದು ನಿನಗೆ ಬೇಕಾದೋರಿಗೆ ಕೊಡು. ಯಾರಿಗೆ ಅಂತ ನಾನು ಕೇಳಲ್ಲ."

"ಅವರು ಕೊಂದು ಹಾಕಿದ್ರೆ?"

"ಕೊಲ್ತಾರೆ. ಒಬ್ಬರು ಕೊಲ್ತಾರೆ, ಒಬ್ಬರು ಬದುಕಿಸ್ತಾರೆ. ಎಲ್ಲಾ ಒಂದೇ ಸೌನಾದಲ್ಲಿ ಇರಲ್ವಲ್ಲ."

ಬಿಳಿ ಡೇಲಿಯಾ ಕೊಂದಿದ್ದ ಚರ್ಚಿನ ಹೆಂಗಸಿಗೂ ಆ ವರ್ಷ ಎರಡು ಸಸಿ ಹೋದವು. ಆಕೆ ಅವನ್ನು ತೆಗೆದುಕೊಳ್ಳಲು ಬಂದಾಗ ನಾಚಿಕೆಯಿಂದ ಕಾರಿನಿಂದ ಇಳಿಯಲಿಲ್ಲ. ಸೈಮಾ ಕಿಟಕಿಯ ಮೂಲಕ ಕುಂಡ ಕೊಟ್ಟು, ಅಕ್ಟೋಬರಿನಲ್ಲಿ ತಾನೇ ಬಂದು ಅಗೆಯುವುದಾಗಿ ಹೇಳಿ ಕಳಿಸಿದಳು. ಹೇಳಿದಂತೆ ಹೋಗಿ ಅಗೆದೂ ಬಂದಳು.

ಈಗ ಸೈಮಾಗೆ ಎಂಬತ್ತು ದಾಟಿದೆ. ವಾರದಲ್ಲಿ ನಾಲ್ಕು ಬೆಳಿಗ್ಗೆ ಪೀನಾಳ ಅಡುಗೆಮನೆಯಲ್ಲಿ ಪೇಸ್ಟಿ ಮಡಚುತ್ತಾಳೆ. ಮಾರ್ಚ್ ತಿಂಗಳಲ್ಲಿ ಅದೇ ಮೇಜಿನ ಮೇಲೆ ಗೆಡ್ಡೆ ಬಿಡಿಸಿ ಒಲೆಯ ಮೇಲಿನ ಹಲಗೆಯಲ್ಲಿ ಎಬ್ಬಿಸುತ್ತಾಳೆ. ಜೂನ್ ಬಂದಾಗ, ಕೇಳಿ ಬಂದವರಿಗೆ ಕೆಂಪು ಡೇಲಿಯಾದ ಎರಡೆರಡು ಸಸಿ ಕೊಡುತ್ತಾಳೆ.